ಡಿಜಿಟಲ್ ಆಟದ ಪುಸ್ತಕ, ತುಮಕೂರಿನ ಅಂಗಡಿ: ಕಮಿಷನ್ ಯಾರಿಗೆ?

ತುಮಕೂರಿನ ಕಾಲೇಜೊಂದರಲ್ಲಿ ಓದುವ ಐದಾರು ಮಂದಿ ಸೇರಿ ರೋಲ್‌ಪ್ಲೇ ಆಟ, ಅಂದರೆ ತಲಾ ಒಂದು ಪಾತ್ರ ವಹಿಸಿ ಮಾತಿನಲ್ಲಿ ಕಥೆ ನಡೆಸುವ ಆಟ, ಆಡಲು ಹೊರಟರೆ ಅವರಿಗೆ ಬೇಕಾಗುವ ಸಾಮಾನು ಬಹಳವಿಲ್ಲ. ಒಂದು ನಿಯಮಪುಸ್ತಕ, ಬಗೆಬಗೆಯ ಮುಖಗಳಿರುವ ದಾಳಗಳ ಒಂದು ಕಟ್ಟು, ಪೆನ್ಸಿಲ್, ಕಾಗದ, ಜೊತೆಗೆ ಮೂರು ನಾಲ್ಕು ಗಂಟೆಯ ಬಿಡುವು. ಪೆನ್ಸಿಲ್ ಮತ್ತು ಕಾಗದ ಎಂ.ಜಿ. ರಸ್ತೆಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತವೆ. ದಾಳ ಕೊರಿಯರ್‌ನಲ್ಲಿ ಬರುತ್ತದೆ. ಸಿಗದಿರುವುದು ಪುಸ್ತಕ. ಮುದ್ರಿತ ಪ್ರತಿ ಊರಿಗೆ ಬರುವುದೇ ಇಲ್ಲ, ಬೆಂಗಳೂರಿನಿಂದ ತರಿಸಿದರೆ ಬೆಲೆ ಕೈಗೆಟುಕುವುದಿಲ್ಲ. ಡಿಜಿಟಲ್ ಪ್ರತಿ ಅದಕ್ಕಿಂತ ಅಗ್ಗ, ಆದರೆ ಅದನ್ನು ಮಾರುವ ಜಾಲತಾಣಗಳು ಡಾಲರಿನಲ್ಲಿ ಕೇಳುತ್ತವೆ. ಕೊನೆಗೆ ಟೆಲಿಗ್ರಾಂ ಗುಂಪಿನಿಂದ ಕದ್ದ ಪಿಡಿಎಫ್ ಇಳಿಯುತ್ತದೆ.

ಇದನ್ನು ಕಳ್ಳತನದ ಸಮಸ್ಯೆ ಎಂದು ಮಾತ್ರ ನೋಡುವವರು ಅರ್ಧ ಸಂಗತಿಯನ್ನಷ್ಟೇ ನೋಡುತ್ತಿದ್ದಾರೆ. ನಾಲ್ಕು ಜನ ತಲಾ ಇನ್ನೂರು ಮುನ್ನೂರು ರೂಪಾಯಿ ಹಾಕಿ ಒಂದು ಪುಸ್ತಕ ಕೊಳ್ಳಲು ತಯಾರಿದ್ದಾಗಲೂ ಆ ಹಣವನ್ನು ತೆಗೆದುಕೊಳ್ಳುವ ಗಲ್ಲಾ ಪೆಟ್ಟಿಗೆ ನಮ್ಮ ಊರಿನಲ್ಲಿಲ್ಲ. ಡಿಜಿಟಲ್ ಪುಸ್ತಕಕ್ಕೆ ಅಂಗಡಿಯೇ ಬೇಡ ಎಂಬ ನಂಬಿಕೆಯಿಂದ ಈ ಸ್ಥಿತಿ ಬಂದಿದೆ. ನನ್ನ ವಾದ ಇಷ್ಟು: ಬೆಂಗಳೂರಿಗೆ ಬೇಡವಾದರೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂತಹ ಊರುಗಳಿಗೆ ಡಿಜಿಟಲ್ ಪುಸ್ತಕ ತಲುಪಬೇಕಾದರೆ ಅದು ಅಂಗಡಿಯ ಮೂಲಕವೇ ತಲುಪಬೇಕು, ಮತ್ತು ಅಂಗಡಿಯವರಿಗೆ ಅದರಲ್ಲಿ ಪಾಲು ಸಿಗಬೇಕು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಲ್ಲಿಂದ ಈ ಬಗೆಯ ಆಟಗಳ ಪರಂಪರೆ ಬೆಳೆದಿದೆ. ಒಬ್ಬರು ಕಥೆಯ ಸೂತ್ರ ಹಿಡಿಯುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸಿ ಮಾತಿನಲ್ಲಿ ಆಡುತ್ತಾರೆ. ಗೆಲ್ಲುವುದು ಸೋಲುವುದು ದಾಳದ ಮೇಲೂ ಜಾಣ್ಮೆಯ ಮೇಲೂ ನಿಲ್ಲುತ್ತದೆ. ಪಣ ಇಲ್ಲ, ಪರದೆಯೂ ಬೇಕಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿದ ಮೇಲೆ ಮನೆಗಳಲ್ಲಿ ‘ಗೇಮ್’ ಎಂಬ ಮಾತು ಕೇಳಿದರೇ ಅನುಮಾನ ಹುಟ್ಟುತ್ತಿದೆ. ಆದ್ದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಕ್ರಮವನ್ನು ಬಲ್ಲವರಿಗೆ ಈ ಆಟದ ಅರ್ಥಶಾಸ್ತ್ರ ಬೇಗ ತಿಳಿಯುತ್ತದೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕರ್ಣನ ಪಾತ್ರಕ್ಕೆ ಇಷ್ಟು ಎಂದು ಹಣ ಹಾಕಿ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ನಡೆಸಿ, ಡ್ರಾಮಾ ಸೀನರಿ ಬಾಡಿಗೆಗೆ ತಂದು ನಾಟಕ ಆಡುತ್ತಾರೆ. ಕೆಲವರು ಗುಬ್ಬಿ ವೀರಣ್ಣ ಕಲಾಕ್ಷೇತ್ರದವರೆಗೂ ಬರುತ್ತಾರೆ. ಇಷ್ಟೆಲ್ಲ ಖರ್ಚಿನಲ್ಲಿ ನಾಟಕದ ಪುಸ್ತಕದ ಪಾಲು ತೀರ ಸಣ್ಣದು. ಆದರೆ ಪುಸ್ತಕ ಕೈಗೆ ಬಾರದೆ ಮೇಷ್ಟರೂ ಬರುವುದಿಲ್ಲ, ಸೀನರಿಯೂ ಬರುವುದಿಲ್ಲ. ರೋಲ್‌ಪ್ಲೇ ಆಟದಲ್ಲೂ ಹೀಗೆಯೇ. ನಿಯಮಪುಸ್ತಕ ಒಂದು ಬಂದರೆ ಅದರ ಹಿಂದೆ ದಾಳ, ನಕ್ಷೆ, ಸಣ್ಣ ಗೊಂಬೆ, ಪಾತ್ರದ ವಿವರ ಬರೆದುಕೊಳ್ಳುವ ಮುದ್ರಿತ ಪಾತ್ರಪತ್ರ, ಚಹಾ, ಕೂರುವ ಜಾಗ ಎಲ್ಲಕ್ಕೂ ಗಿರಾಕಿ ಹುಟ್ಟುತ್ತಾನೆ. ಅಂಗಡಿಯವರಿಗೆ ಲಾಭ ಇರುವುದು ಈ ಹಿಂಬಾಲಕ ವ್ಯಾಪಾರದಲ್ಲಿ.

ಹಾಗಾದರೆ ಅಂಗಡಿ ಈ ವ್ಯವಹಾರದಿಂದ ಹೊರಬಿದ್ದದ್ದು ಹೇಗೆ? ಆಟದ ಪುಸ್ತಕಗಳ ಪಿಡಿಎಫ್ ಮಾರುವ ಆರ್‌ಪಿಜಿನೌ 2001ರಲ್ಲಿ, ಡ್ರೈವ್‌ಥ್ರೂಆರ್‌ಪಿಜಿ 2004ರಲ್ಲಿ ಆರಂಭವಾದವು. 2006ರಲ್ಲಿ ಎರಡೂ ಒಂದೇ ಸಂಸ್ಥೆಯ ಕೆಳಗೆ ಬಂದವು. ಸಣ್ಣ ಪ್ರಕಾಶಕರಿಗೆ ಇದು ದೊಡ್ಡ ಅನುಕೂಲವಾಯಿತು. ಅಚ್ಚಿನ ಖರ್ಚಿಲ್ಲ, ಗೋದಾಮಿಲ್ಲ. ದೊಡ್ಡವರಿಗೆ ಭಯವೂ ಹುಟ್ಟಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆತನವಿರುವ ವಿಝಾರ್ಡ್ಸ್ ಆಫ್ ದ ಕೋಸ್ಟ್ 2009ರ ಏಪ್ರಿಲ್‌ನಲ್ಲಿ ನಕಲು ಹಂಚಿಕೆಯ ಕಾರಣ ಕೊಟ್ಟು ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟವನ್ನೂ ನಿಲ್ಲಿಸಿತು. ಮತ್ತೆ ಬಾಗಿಲು ತೆರೆದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಕದ್ದ ಪ್ರತಿಗಳು ಮಾಯವಾಗಲಿಲ್ಲ. ಕಾಸು ಕೊಟ್ಟು ಪಡೆಯುವ ದಾರಿ ಮಾತ್ರ ಮುಚ್ಚಿತ್ತು. ತುಮಕೂರಿನಲ್ಲಿ ಇಂದಿಗೂ ನಾವು ನೋಡುತ್ತಿರುವುದು ಇದನ್ನೇ.

ಅದೇ ಹೊತ್ತಿಗೆ, 2010ರ ಸುಮಾರಿಗೆ, ಈವಿಲ್ ಹ್ಯಾಟ್, ಕ್ಯೂಬಿಕಲ್ 7 ಮೊದಲಾದ ಪ್ರಕಾಶಕರು ಸೇರಿ ‘ಬಿಟ್ಸ್ ಅಂಡ್ ಮಾರ್ಟರ್’ ಎಂಬ ಒಪ್ಪಂದ ಮಾಡಿಕೊಂಡರು. ಗಿರಾಕಿ ಹತ್ತಿರದ ಅಂಗಡಿಯಲ್ಲಿ ಮುದ್ರಿತ ಪುಸ್ತಕ ಕೊಂಡರೆ ಅದರ ಪಿಡಿಎಫ್ ಉಚಿತ. ಅಂಗಡಿಯವರು ಹೆಸರು ನೋಂದಾಯಿಸಿಕೊಂಡಿರುತ್ತಾರೆ, ಪುಸ್ತಕ ಮಾರಿದಾಗ ಗಿರಾಕಿಯ ಇಮೇಲ್‌ಗೆ ಪ್ರತಿ ಕಳುಹಿಸುತ್ತಾರೆ. ಇದಕ್ಕೆ ಅಂಗಡಿ ಏನೂ ಕೊಡಬೇಕಿಲ್ಲ. ಆನ್‌ಲೈನ್‌ನಲ್ಲಿ ಕೊಂಡವರಿಗೆ ಸಿಗುತ್ತಿದ್ದ ಅನುಕೂಲ ಅಂಗಡಿಗೆ ಬಂದವರಿಗೂ ಸಿಗುವಂತಾಯಿತು. ನನ್ನ ದೃಷ್ಟಿಯಲ್ಲಿ ಈ ಉದ್ಯಮ ಅಂಗಡಿಗಳಿಗಾಗಿ ಮಾಡಿದ ಅತ್ಯಂತ ನ್ಯಾಯವಾದ ಕೆಲಸ ಇದು. ಅತಿ ದೊಡ್ಡ ಪ್ರಕಾಶಕರು ಈ ದಾರಿ ಹಿಡಿಯಲಿಲ್ಲ. ವಿಝಾರ್ಡ್ಸ್ 2022ರಲ್ಲಿ ಡಿ ಅಂಡ್ ಡಿ ಬಿಯಾಂಡ್ ಎಂಬ ಡಿಜಿಟಲ್ ವೇದಿಕೆಯನ್ನು ಕೊಂಡುಕೊಂಡು, ಮುದ್ರಿತ ಮತ್ತು ಡಿಜಿಟಲ್ ಪ್ರತಿಗಳ ಜೋಡಿಯನ್ನು ತನ್ನದೇ ಜಾಲತಾಣದಲ್ಲಿ ನೇರವಾಗಿ ಮಾರತೊಡಗಿತು. 2024ರ ಆಟಗಾರರ ಕೈಪಿಡಿಯ ಮುದ್ರಿತ ಬೆಲೆ 49.99 ಡಾಲರ್, ಡಿಜಿಟಲ್ ಬೆಲೆ 29.99 ಡಾಲರ್. ಜೋಡಿಯಾಗಿ ಕೊಂಡರೆ ಅಗ್ಗ, ಆದರೆ ಆ ನೇರ ಮಾರಾಟದಲ್ಲಿ ಊರಿನ ಅಂಗಡಿಗೆ ಪಾಲಿಲ್ಲ.

ಬಿಟ್ಸ್ ಅಂಡ್ ಮಾರ್ಟರ್ ಎಷ್ಟೇ ಒಳ್ಳೆಯದಾಗಿದ್ದರೂ ನಮ್ಮ ಊರಿಗೆ ಅದು ಸಾಲದು. ಮುದ್ರಿತ ಪುಸ್ತಕ ಕಪಾಟಿನಲ್ಲಿದ್ದರೆ ಮಾತ್ರ ಅದು ನಡೆಯುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 50 ಡಾಲರಿನ ಪುಸ್ತಕ 4,250 ರೂಪಾಯಿ ಆಗುತ್ತದೆ. ಹಡಗಿನ ಖರ್ಚು ಬೇರೆ, 2019ರ ಬಜೆಟ್‌ನಿಂದ ಆಮದು ಪುಸ್ತಕಕ್ಕೆ ಬಿದ್ದಿರುವ ಶೇ 5ರ ಸುಂಕ ಬೇರೆ. ನೋಟ್‌ಬುಕ್, ಪೆನ್ನು, ಗೈಡ್ ಮಾರಿ ದಿನದ ವ್ಯಾಪಾರ ಸಾಗಿಸುವ ಅಂಗಡಿ ಇಂತಹ ಮೂರು ಪುಸ್ತಕ ತಂದಿಟ್ಟು ಅವು ವರ್ಷಗಟ್ಟಲೆ ಧೂಳು ತಿಂದರೆ, ಆ ಬಂಡವಾಳದಲ್ಲಿ ಶಾಲೆ ತೆರೆಯುವ ಹೊತ್ತಿನ ಸ್ಟಾಕ್ ಕಡಿಮೆಯಾಗುತ್ತದೆ. ಮಾರಾಟವಾಗದಿದ್ದರೆ ವಾಪಸು ಕೊಡುವ ಮಾತೇ ಇಲ್ಲ. ಇದನ್ನು ಮಾಡಿ ಎಂದು ಯಾವ ಅಂಗಡಿಯವರಿಗೂ ಸಲಹೆ ಕೊಡಲಾರೆ. ಡಿಜಿಟಲ್ ಪ್ರತಿಯ ಅನುಕೂಲ ನಮಗೆ ಹೆಚ್ಚು ಬೇಕಾಗಿರುವುದು ಈ ಕಾರಣಕ್ಕೇ. ಅದಕ್ಕೆ ಸ್ಟಾಕ್ ಇಲ್ಲ, ಮಾರಿದ ಮೇಲೆ ಹಣ ಕೊಟ್ಟರೆ ಸಾಕು.

ಈಗ ಗಿರಾಕಿಯ ಕಡೆಗೆ ನೋಡೋಣ. ಸ್ವಂತ ಕಾರ್ಡ್ ಇಟ್ಟುಕೊಂಡಿರುವ ವಿದ್ಯಾರ್ಥಿಯೂ ವಿದೇಶಿ ಜಾಲತಾಣದಲ್ಲಿ ಎಡವುತ್ತಾನೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸದಾಗಿ ಕೊಡುವ ಕಾರ್ಡ್ ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಮತ್ತು ವಿದೇಶಿ ವ್ಯವಹಾರವನ್ನು ಬಳಕೆದಾರರೇ ಕೇಳಿ ತೆರೆಸಿಕೊಳ್ಳಬೇಕು. ವಂಚನೆ ತಡೆಯಲು ಇದು ಒಳ್ಳೆಯ ನಿಯಮವೇ. ಆದರೆ ಹದಿನೆಂಟು ವರ್ಷದ ಮಗಳು ವಿದೇಶಿ ಪಾವತಿಗಾಗಿ ಕಾರ್ಡ್ ತೆರೆಸಿಕೊಡಿ ಎಂದು ಕೇಳಿದಾಗ ತುರುವೇಕೆರೆಯಲ್ಲೋ ಶಿರಾದಲ್ಲೋ ಇರುವ ತಂದೆ ತಾಯಿ ಹಿಂಜರಿಯುವುದು ಸಹಜ. ಅದೇ ಹುಡುಗಿ ಅಂಗಡಿಯ ಕ್ಯೂಆರ್ ಕೋಡ್‌ಗೆ ಯುಪಿಐ ಮಾಡಿ 500 ರೂಪಾಯಿಯ ಪುಸ್ತಕ ತಂದರೆ ಮನೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಊರಿನ ಅಂಗಡಿಗೆ ಇರುವ ಈ ವಿಶ್ವಾಸ ಒಂದು ಬಂಡವಾಳ. ಪ್ರಕಾಶಕರು ಅದನ್ನು ಬಳಸಿಕೊಂಡಿಲ್ಲ.

ಬೆಲೆಯ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ. ವಿಡಿಯೋ ಗೇಮ್ ಮಾರುವ ಸ್ಟೀಮ್ 2015ರಿಂದಲೇ ಭಾರತದ ಗಿರಾಕಿಗೆ ರೂಪಾಯಿಯಲ್ಲಿ ಬೆಲೆ ತೋರಿಸುತ್ತಿದೆ. ಇಲ್ಲಿನ ಕೊಳ್ಳುವ ಶಕ್ತಿಗೆ ತಕ್ಕಂತೆ ಹಲವು ಆಟಗಳ ಬೆಲೆ ಇಳಿಯಿತು. ಟೇಬಲ್ ಮೇಲಿನ ಆಟಗಳ ಪಿಡಿಎಫ್ ಮಾತ್ರ ಚಿಕಾಗೋದವರಿಗೂ ಚಿಕ್ಕನಾಯಕನಹಳ್ಳಿಯವರಿಗೂ ಬಹುತೇಕ ಒಂದೇ ಡಾಲರ್ ಬೆಲೆಯಲ್ಲಿ ಮಾರಾಟವಾಗುತ್ತಿದೆ.

ಇನ್ನು ಪಾಲಿನ ಲೆಕ್ಕ. 15 ಡಾಲರಿನ ಪಿಡಿಎಫ್ ಒಂದನ್ನು ತೆಗೆದುಕೊಳ್ಳಿ. ಡಾಲರಿಗೆ ಅದೇ 85ರ ದರದಲ್ಲಿ 1,275 ರೂಪಾಯಿ. ಮುಖ್ಯ ಜಾಲತಾಣವಾದ ಡ್ರೈವ್‌ಥ್ರೂಆರ್‌ಪಿಜಿ ಇದರಲ್ಲಿ ಶೇ 30ರಿಂದ 35ರಷ್ಟನ್ನು ತಾನು ಇಟ್ಟುಕೊಂಡು ಉಳಿದದ್ದನ್ನು ಪ್ರಕಾಶಕರಿಗೆ ಕೊಡುತ್ತದೆ. ಅಂದರೆ ಮೂರನೆಯ ಒಂದು ಭಾಗ ಬಿಟ್ಟುಕೊಡುವುದು ಪ್ರಕಾಶಕರಿಗೆ ಹೊಸದಲ್ಲ. ಪ್ರಕಾಶಕರು ಫೈಲ್ ಇಳಿಸಿಕೊಳ್ಳಲು ಬೇಕಾದ ತಮ್ಮದೇ ಕೋಡ್ ಅನ್ನು ಅಂಗಡಿಗೆ ಮಾರಲು ಕೊಟ್ಟು, ಅದನ್ನು ಜಾಲತಾಣದ ಮೂಲಕ ಹಾಯಿಸದೆ ನೇರವಾಗಿ ತಮ್ಮ ಪುಟದಲ್ಲಿ ಬಳಸುವಂತೆ ಮಾಡಿದರೆ, ಜಾಲತಾಣಕ್ಕೆ ಹೋಗುತ್ತಿದ್ದ ಪಾಲೇ ಊರಿನ ಅಂಗಡಿಗೆ ಬರುತ್ತದೆ. ಪ್ರಕಾಶಕರಿಗೆ ಒಂದು ಪೈಸೆಯೂ ಹೆಚ್ಚು ಹೊರೆಯಾಗದು. ಬೆಲೆಯಲ್ಲೇ ಶೇ 5ರ ತೆರಿಗೆ ಸೇರಿದೆ ಎಂದು ಹಿಡಿದರೂ ಅಂಗಡಿಗೆ ಶೇ 30ರಂತೆ ಸುಮಾರು 360 ರೂಪಾಯಿ ಉಳಿಯುತ್ತದೆ. ಜಾಲತಾಣಕ್ಕೂ ಅಂಗಡಿಗೂ ಎರಡೆರಡು ಕಮಿಷನ್ ಕೊಡಬೇಕಾದ ವ್ಯವಸ್ಥೆ ಮಾಡಿಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಂಗಡಿಗೆ ಡಿಜಿಟಲ್ ಪಾಲು ಕೊಡಲಾಗದು ಎನ್ನುವವರ ವಾದ ನಿಂತಿರುವುದು ಈ ಎರಡನೆಯ ವ್ಯವಸ್ಥೆಯ ಮೇಲೆ.

ಮೊಬೈಲ್ ರೀಚಾರ್ಜ್‌ನ ಅನುಭವವನ್ನು ಅಂಗಡಿಯವರು ಇಲ್ಲಿ ನೆನಪಿಸುತ್ತಾರೆ, ಸರಿಯಾಗಿಯೇ ನೆನಪಿಸುತ್ತಾರೆ. ರೀಚಾರ್ಜ್ ಕೂಪನ್ ಮಾರಿ ಊರೂರಿಗೆ ಕಂಪನಿಗಳ ಹೆಸರು ಮುಟ್ಟಿಸಿದವರು ಸಣ್ಣ ಅಂಗಡಿಯವರು. ಗಿರಾಕಿ ಆ್ಯಪ್‌ಗೆ ಹೋದ ಮೇಲೆ ಆ ವ್ಯಾಪಾರ ಅವರ ಕೈಬಿಟ್ಟಿತು. ಡಿಜಿಟಲ್ ಪುಸ್ತಕದಲ್ಲೂ ಮೊದಲ ಖರೀದಿ ಅಂಗಡಿಯಲ್ಲಿ, ಎರಡನೆಯದು ನೇರವಾಗಿ ಎಂದಾಗುವ ಭಯ ನಿಜವಾದದ್ದು. ಅದಕ್ಕೆ ಉತ್ತರ ಒಪ್ಪಂದದಲ್ಲಿರಬೇಕು. ಅಂಗಡಿಯ ಕೋಡ್‌ನಿಂದ ಖಾತೆ ತೆರೆದ ಗಿರಾಕಿ ಮುಂದೆ ಏನೇ ಕೊಂಡರೂ ಒಂದು ಅವಧಿಯವರೆಗೆ ಆ ಅಂಗಡಿಗೆ ಸಣ್ಣ ಪಾಲು ಹೋಗುವಂತೆ ಮಾಡುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಜಾಲತಾಣಗಳು ತಮ್ಮ ಕೊಂಡಿ ಹಂಚುವ ಪ್ರಚಾರಕರಿಗೆ ಹೀಗೆ ಕಮಿಷನ್ ಕೊಡುವುದು ಈಗಾಗಲೇ ರೂಢಿಯಲ್ಲಿದೆ.

ತೆರಿಗೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಉತ್ಸಾಹದಿಂದ ಹೊರಟ ಅಂಗಡಿಯವರು ಸಿಕ್ಕಿಬೀಳುವುದು ಇಲ್ಲಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ 18 ಇತ್ತು. 2018ರ ಜುಲೈನಲ್ಲಿ ಅದನ್ನು ಶೇ 5ಕ್ಕೆ ಇಳಿಸಲಾಯಿತು, ಆದರೆ ಮುದ್ರಿತ ರೂಪ ಇರುವ ಪುಸ್ತಕದ ಡಿಜಿಟಲ್ ಆವೃತ್ತಿಗೆ ಮಾತ್ರ. ಪಿಡಿಎಫ್ ಆಗಿ ಮಾತ್ರ ಹೊರಬರುವ ಸಾವಿರಾರು ಸಣ್ಣ ಆಟಗಳು ಈ ರಿಯಾಯಿತಿಯ ಹೊರಗೆ ಉಳಿಯುತ್ತವೆ. ಎಲ್ಲರಿಗಿಂತ ಕಡಿಮೆ ಬಂಡವಾಳದ ಲೇಖಕರೇ ಎಲ್ಲರಿಗಿಂತ ಹೆಚ್ಚಿನ ತೆರಿಗೆಯ ಕೆಳಗೆ ಬರುವ ಈ ವ್ಯವಸ್ಥೆ ತಪ್ಪು ಎಂದೇ ನನ್ನ ಅಭಿಪ್ರಾಯ.

ಎರಡನೆಯ ತೊಡಕು ನೋಂದಣಿಯದು. ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಸೇವೆಯೂ ಸೇರಿಕೊಂಡರೆ 20 ಲಕ್ಷ. ಡಿಜಿಟಲ್ ಪುಸ್ತಕ ತೆರಿಗೆಯ ಲೆಕ್ಕದಲ್ಲಿ ಸೇವೆ. ವರ್ಷಕ್ಕೆ 30 ಲಕ್ಷದ ನೋಟ್‌ಬುಕ್ ಮತ್ತು ಪೆನ್ನು ಮಾರುತ್ತಿರುವ, ನೋಂದಣಿ ಇಲ್ಲದ ಅಂಗಡಿ ನಾಲ್ಕು ಪಿಡಿಎಫ್ ಮಾರಿದರೂ ಈ ಕೆಳಗಿನ ಮಿತಿಗೆ ಒಳಪಡಬಹುದು. 2025ರ ಜುಲೈನಲ್ಲಿ ಯುಪಿಐ ದಾಖಲೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಹೋದಾಗ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ಎಲ್ಲರೂ ಕಂಡಿದ್ದಾರೆ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೂ ಆ ಅಂಜಿಕೆ ಪೂರ್ತಿ ಹೋಗಿಲ್ಲ. ಇಂತಹ ಹೊತ್ತಿನಲ್ಲಿ ಹೊಸ ಬಗೆಯ ಸರಕು ಮಾರಿ ಎಂದು ಹೇಳುವವರು ಈ ಮಿತಿಯ ವಿಷಯವನ್ನು ಮೊದಲೇ ಬಿಡಿಸಿ ಹೇಳಬೇಕು.

ಮೂರನೆಯದು ಇನ್ನೂ ಬಿಗಿ. ಹೊರದೇಶದ ಪ್ರಕಾಶಕರಿಂದ ಅಂಗಡಿಯವರು ಮರುಮಾರಾಟಕ್ಕಾಗಿ ನೇರವಾಗಿ ಕೋಡ್ ಕೊಂಡರೆ ಅದು ಸೇವೆಯ ಆಮದು. ರಿವರ್ಸ್ ಚಾರ್ಜ್ ಪ್ರಕಾರ ಅದರ ತೆರಿಗೆಯನ್ನು ಕೊಂಡವರೇ ಕಟ್ಟಬೇಕು, ಆ ಹೊಣೆ ಬಿದ್ದವರಿಗೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯ. ಹಾಗಾಗಿ ತುಮಕೂರಿನ ಅಂಗಡಿಯೂ ಅಮೆರಿಕದ ಪ್ರಕಾಶಕರೂ ನೇರವಾಗಿ ಕೈ ಕುಲುಕಲಾಗದು. ನಡುವೆ ನೋಂದಣಿ ಇರುವ ಒಬ್ಬ ಸಗಟು ವ್ಯಾಪಾರಿ ಬೇಕು. ಆಮದಿನ ತೆರಿಗೆ ಆತ ನೋಡಿಕೊಂಡು ಅಂಗಡಿಗಳಿಗೆ ರೂಪಾಯಿಯಲ್ಲಿ ಕೋಡ್ ಹಂಚಬೇಕು. ಇದೇನೂ ಅಪರಿಚಿತ ವ್ಯವಸ್ಥೆಯಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸ್ಟೇಷನರಿ ಅಂಗಡಿಗಳಿಗೆ ಪುಸ್ತಕ, ಸ್ಟೇಷನರಿಯ ಸಗಟು ವ್ಯಾಪಾರ ನಡೆಯುವ ಬೆಂಗಳೂರಿನ ಅವೆನ್ಯೂ ರಸ್ತೆ ಹೊಸ ಊರಲ್ಲ. ತುಮಕೂರಿನಿಂದ ಅಲ್ಲಿಗೆ ಇರುವುದು ಸುಮಾರು 70 ಕಿಲೋಮೀಟರ್. ಕಾಗದದ ಸರಕು ಬರುವ ದಾರಿಯಲ್ಲೇ ಕೋಡ್ ಇರುವ ಕಾರ್ಡ್ ಕೂಡ ಬರಬಹುದು.

ನಾನು ಹೆಚ್ಚು ಆಸೆ ಇಟ್ಟಿರುವುದು ಮಾತ್ರ ಜೆರಾಕ್ಸ್ ಅಂಗಡಿಯ ಮೇಲೆ. ಅಮೆರಿಕದ ಹವ್ಯಾಸದ ಅಂಗಡಿಯಲ್ಲಿ ಕಪಾಟು, ಆಡುವ ಮೇಜು, ಗೊಂಬೆಗಳ ಗೋಡೆ ಇರುತ್ತವೆ. ನಮ್ಮಲ್ಲಿ ಅದಕ್ಕೆ ತೀರ ಹತ್ತಿರದ್ದು ಕಾಲೇಜಿನ ಎದುರಿನ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. “ಅಣ್ಣ, ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಕಳುಹಿಸಿದ್ದೇನೆ, ಎರಡೂ ಬದಿ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿಕೊಡಿ” ಎಂದರೆ ಅರ್ಧ ಗಂಟೆಯಲ್ಲಿ ಪುಸ್ತಕ ಸಿದ್ಧ. ಪುಟಕ್ಕೆ ಒಂದು ರೂಪಾಯಿ ಎಂದು ಹಿಡಿದರೂ 300 ಪುಟದ ನಿಯಮಪುಸ್ತಕಕ್ಕೆ 300 ರೂಪಾಯಿ, ಮೇಲೆ ಬೈಂಡಿಂಗ್ ಕೂಲಿ. ಪರದೆಯ ಮೇಲೆ ಪುಟ ಹುಡುಕುತ್ತಾ ಆಟ ನಡೆಸುವುದು ತ್ರಾಸ. ಮೇಜಿನ ಮೇಲೆ ಕಾಗದವೇ ಇರಬೇಕು. ಡಿಜಿಟಲ್ ಪುಸ್ತಕ ಕೊಂಡವರೂ ಕೊನೆಗೆ ಬರುವುದು ಈ ಅಂಗಡಿಗೇ.

ಇಲ್ಲಿ ಕಾನೂನಿನ ಮಾತು ಅಡ್ಡ ಬರುತ್ತದೆ. ಅನೇಕ ಪ್ರಕಾಶಕರು ಪಿಡಿಎಫ್‌ನ ಮೊದಲ ಪುಟದಲ್ಲೇ ‘ಸ್ವಂತ ಬಳಕೆಗೆ ಒಂದು ಪ್ರತಿ ಮುದ್ರಿಸಿಕೊಳ್ಳಬಹುದು’ ಎಂದು ಅನುಮತಿ ಕೊಡುತ್ತಾರೆ. ಆದರೆ ಗಿರಾಕಿ ತಂದ ಫೈಲ್ ಕೊಂಡದ್ದೋ ಕದ್ದದ್ದೋ ಎಂದು ಜೆರಾಕ್ಸ್ ಅಂಗಡಿಯವರು ತಿಳಿಯುವುದು ಹೇಗೆ? ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ 2016ರಲ್ಲಿ ಬಂದ ತೀರ್ಪನ್ನು ನೆಚ್ಚಿಕೊಂಡು ಜೆರಾಕ್ಸ್ ಎಲ್ಲಕ್ಕೂ ಸಲ್ಲುತ್ತದೆ ಎಂದು ಭಾವಿಸಿದವರಿದ್ದಾರೆ. ಆ ತೀರ್ಪು ಬೋಧನೆಗೆ ಕಾನೂನಿನಲ್ಲಿರುವ ವಿನಾಯಿತಿಯ ಮೇಲೆ ನಿಂತದ್ದು. ಆಟದ ಪುಸ್ತಕಕ್ಕೆ ಅದು ಆಸರೆಯಾಗದು. ಪರಿಹಾರ ಪ್ರಕಾಶಕರ ಕೈಯಲ್ಲಿದೆ. ಪಿಡಿಎಫ್‌ನ ಪ್ರತಿ ಪುಟದ ಅಡಿಯಲ್ಲಿ ಕೊಂಡವರ ಹೆಸರು ಮತ್ತು ಆರ್ಡರ್ ಸಂಖ್ಯೆ ಅಚ್ಚಾಗುವ ವ್ಯವಸ್ಥೆ ಡ್ರೈವ್‌ಥ್ರೂಆರ್‌ಪಿಜಿಯಲ್ಲಿ ಈಗಾಗಲೇ ಇದೆ. ಅಂಗಡಿಯವರು ಕೋಡ್ ಮಾರಿ, ಗಿರಾಕಿಯ ಹೆಸರಿರುವ ಫೈಲ್ ಇಳಿಸಿ, ಅಲ್ಲೇ ಮುದ್ರಿಸಿ ಕೊಟ್ಟರೆ ಎಲ್ಲವೂ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ. ಕೋಡ್‌ನ ಕಮಿಷನ್, ಮುದ್ರಣದ ಕೂಲಿ ಎರಡೂ ಅಂಗಡಿಗೆ. ಗಿರಾಕಿಗೆ ಆಮದು ಪುಸ್ತಕದ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಾಗದದ ಪ್ರತಿ, ಜೊತೆಗೆ ಫೋನಿನಲ್ಲಿ ಹುಡುಕಲು ಫೈಲ್. ಬಣ್ಣದ ಚಿತ್ರಗಳು ಕಪ್ಪು ಬಿಳುಪಾಗುತ್ತವೆ, ಹೊಳಪು ಕಾಗದ ಇರುವುದಿಲ್ಲ. ಆಡುವವರಿಗೆ ಅದು ಕೊರತೆಯಲ್ಲ.

ಕನ್ನಡದ ಪುಸ್ತಕೋದ್ಯಮಕ್ಕೂ ಇದೇ ಪ್ರಶ್ನೆ ಎದುರಾಗಿದೆ. ಮೈಲ್ಯಾಂಗ್‌ನಂತಹ ಆ್ಯಪ್‌ಗಳಿಂದ ಕನ್ನಡ ಇ-ಪುಸ್ತಕ ಓದುಗರಿಗೆ ಸುಲಭವಾಗಿ ಸಿಗುತ್ತಿದೆ, ಅದು ಸಂತೋಷದ ವಿಷಯ. ಆದರೆ ಓದುಗರು ಫೋನಿನಲ್ಲಿ ನೇರವಾಗಿ ಕೊಂಡಾಗ ಜಿಲ್ಲಾ ಕೇಂದ್ರದ ಪುಸ್ತಕದಂಗಡಿಗೆ ಅದರಲ್ಲಿ ಕೆಲಸವಿಲ್ಲ. ಆಟದ ಪುಸ್ತಕದಲ್ಲಿ ಕೋಡ್ ಮತ್ತು ಮುದ್ರಣದ ದಾರಿ ಒಮ್ಮೆ ತೆರೆದರೆ ಕಥೆ ಕವಿತೆಗಳ ಪುಸ್ತಕಕ್ಕೂ ಆ ದಾರಿ ಉಂಟು.

ಕನ್ನಡದಲ್ಲಿ ಆಟವನ್ನೇ ತರುವ ಸಾಧ್ಯತೆಯೂ ಈಗ ಇದೆ. 2023ರ ಜನವರಿಯಲ್ಲಿ ವಿಝಾರ್ಡ್ಸ್ ತನ್ನ ನಿಯಮಗಳನ್ನು ಇತರರೂ ಬಳಸಲು ಬಿಡುವ ಹಳೆಯ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟು, ಆಟಗಾರರ ತೀವ್ರ ವಿರೋಧಕ್ಕೆ ಮಣಿದು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ ಮೂಲ ನಿಯಮಗಳ 400 ಪುಟ ಮೀರಿದ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಮುದ್ರಿಸಬಹುದು, ಮಾರಲೂಬಹುದು. ಈ ಪರವಾನಗಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳನ್ನು ಕಂಪನಿಯೇ ಹೊರತಂದಿದೆ. ಕನ್ನಡಕ್ಕೆ ಕಂಪನಿ ಕೈಹಾಕುತ್ತದೆಂದು ಕಾಯಬೇಕಿಲ್ಲ. ಪೂರ್ತಿ ಅನುವಾದವೂ ಮೊದಲಿಗೆ ಬೇಡ. ಆಟ ಶುರುಮಾಡಲು ಬೇಕಾದ ನಲವತ್ತು ಐವತ್ತು ಪುಟ, ಜೊತೆಗೆ ಮಧುಗಿರಿ ಕೋಟೆಯನ್ನೋ ದೇವರಾಯನದುರ್ಗದ ಕಾಡನ್ನೋ ಹಿನ್ನೆಲೆಯಾಗಿಟ್ಟು ಬರೆದ ಒಂದು ಸಾಹಸದ ಕಥೆ ಸಾಕು.

ವಿದೇಶಿ ಪ್ರಕಾಶಕರ ಒಪ್ಪಂದಕ್ಕೂ ಮುಂಚೆ ಪ್ರಯೋಗ ಮಾಡಬಹುದಾದದ್ದು ಇಂತಹ ಪುಸ್ತಕದಿಂದಲೇ. ಇದರಲ್ಲಿ ಡಾಲರ್ ಇಲ್ಲ, ಆಮದಿನ ತೆರಿಗೆ ಇಲ್ಲ, ಹಕ್ಕಿನ ತಕರಾರಿಲ್ಲ. ಮುದ್ರಿತ ಪ್ರತಿಯನ್ನೂ ಹೊರತಂದರೆ ಡಿಜಿಟಲ್ ಆವೃತ್ತಿಗೆ ಶೇ 5ರ ದರವೇ ಅನ್ವಯಿಸುತ್ತದೆ. ಅಂಗಡಿಗೆ ಕೊಡುವ ಪತ್ರದಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು. ಪ್ರತಿ ಕೋಡ್‌ಗೆ ಅಂಗಡಿಯ ಪಾಲು ಎಷ್ಟು, ಮಾರಿದ ಮೇಲೆ ಹಣ ಎಷ್ಟು ದಿನದೊಳಗೆ ಕಟ್ಟಬೇಕು, ಕೊಂಡವರ ಹೆಸರಿರುವ ಫೈಲನ್ನು ಅಂಗಡಿಯಲ್ಲೇ ಮುದ್ರಿಸಲು ಅನುಮತಿ ಇದೆಯೇ, ಮುದ್ರಿಸಿದ ಮೇಲೆ ಫೈಲನ್ನು ಅಂಗಡಿಯ ಕಂಪ್ಯೂಟರಿನಿಂದ ಅಳಿಸುವ ಹೊಣೆ ಯಾರದು. ಕೊನೆಯದನ್ನು ಬರೆಯಲು ಯಾರೂ ಮರೆಯಬಾರದು. ಕಾಲೇಜಿನ ಎದುರಿನ ಆ ಕಂಪ್ಯೂಟರುಗಳಲ್ಲಿ ನೂರಾರು ವಿದ್ಯಾರ್ಥಿಗಳ ಅಂಕಪಟ್ಟಿ, ಆಧಾರ್ ಪ್ರತಿಗಳೂ ಹಾಗೆಯೇ ಉಳಿದುಬಿಟ್ಟಿರುತ್ತವೆ. ಆಟದ ಪುಸ್ತಕದ ನೆಪದಲ್ಲಿ ಆ ಅಭ್ಯಾಸವೂ ಸರಿಹೋದರೆ ಅದು ಎಲ್ಲ ಗಿರಾಕಿಗಳಿಗೂ ಆಗುವ ಲಾಭ.